ನಕ್ಷತ್ರ ಒರೆಸಿದ ಚಿತ್ರ

ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಡೊಂಬಿವಲಿಯಲ್ಲಿ ಎಚ್ಚರವಾಗಿರುವವರು ಕಡಿಮೆ. ವಾರವೆಲ್ಲ ಲೋಕಲ್ ರೈಲಿನಲ್ಲಿ ಜೋತುಬಿದ್ದ ಮೈಗೆ ಆ ನಿದ್ದೆಯೇ ಬೋನಸ್ಸು. ಅಂಥ ಹೊತ್ತಿನಲ್ಲಿ ನೀಲಗಂಗಾ ಅರ್ಧ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಗಂಡಿನ ಕಡೆಯವರು ನೋಡಲು ಬಂದ ದಿನವೂ ಈ ಹುಡುಗಿ ಇಷ್ಟು ಅವಸರ ಮಾಡಿರಲಿಲ್ಲ ಎಂದು ತಾಯಿ ರುದ್ರವ್ವ ಗೊಣಗಿದಳು. ಆ ಮಾತು ಅಕ್ಷರಶಃ ನಿಜ. ಗಂಡುಗಳು ಮತ್ತೆ ಬರುತ್ತಾರೆ. ನೀಲಗಂಗಾ ಕಾಯುತ್ತಿದ್ದ ಅತಿಥಿ ಹಾಗಲ್ಲ. ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಹ್ಯಾಲಿ ಧೂಮಕೇತು ಮುಂದಿನ ಚಳಿಗಾಲದಲ್ಲಿ ಆಕಾಶಕ್ಕೆ ಬರುವುದಿತ್ತು. ಈ ಸಲ ತಪ್ಪಿದರೆ ಮುಂದಿನ ಸಲಕ್ಕೆ ಅವಳಿಗೆ ನೂರು ದಾಟಿರುತ್ತದೆ. ಅಷ್ಟು ತಾಳ್ಮೆ ಅವಳಿಗಿರಲಿಲ್ಲ.

ಆ ಧೂಮಕೇತುವನ್ನು ಫೋಟೋದಲ್ಲಿ ಹಿಡಿಯಬೇಕು, ಅದೂ ಬಣ್ಣದಲ್ಲಿ. ಅವಳ ಆಸೆ ಇಷ್ಟೇ. ಆಸೆಗೆ ಅಡ್ಡ ನಿಂತದ್ದು ಒಂದು ಯಂತ್ರ. ಕಲ್ಯಾಣದಲ್ಲಿ ಅಪ್ಪಾಸಾಹೇಬರು ಎಂಬ ವಿಜಾಪುರದ ಕಡೆಯ ಹಿರಿಯರಿದ್ದರು. ಟೆಲಿಫೋನ್ ಖಾತೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು, ಆಕಾಶ ನೋಡುವವರದೊಂದು ಮಂಡಳಿ ಕಟ್ಟಿಕೊಂಡಿದ್ದವರು. ಹಳೆಯ ಗ್ರಾಮಫೋನಿನ ಮೋಟರು ಹಾಕಿ ಅವರು ಮಾಡಿದ ಯಂತ್ರ, ಮೇಲೆ ಕೂರಿಸಿದ ಕ್ಯಾಮೆರಾವನ್ನು ನಕ್ಷತ್ರಗಳು ಸರಿದಂತೆ ತಾನೂ ಮೆಲ್ಲಗೆ ತಿರುಗಿಸುತ್ತಿತ್ತು. ಅದಿಲ್ಲದಿದ್ದರೆ ಭೂಮಿ ತಿರುಗುವ ಭರಕ್ಕೆ ಚಿತ್ರದಲ್ಲಿ ನಕ್ಷತ್ರಗಳೆಲ್ಲ ಗೆರೆಗಳಾಗಿಬಿಡುತ್ತವೆ. ಯಂತ್ರ ಒಂದೇ, ಅದರ ಮೇಲೆ ಕೂರುವುದು ಒಂದೇ ಕ್ಯಾಮೆರಾ. ಕೇಳುವವರು ಹೆಚ್ಚಾದಾಗ ಅಪ್ಪಾಸಾಹೇಬರು ಪಂಚಾಯಿತಿಕೆ ಮಾಡಿ, ಎಲ್ಲರೂ ಮಹಾವ್ಯಾಧ ನಕ್ಷತ್ರಪುಂಜದ ಚಿತ್ರ ತೆಗೆದು ತನ್ನಿ, ಯಾರ ಚಿತ್ರದಲ್ಲಿ ಹೆಚ್ಚು ಕಾಣುತ್ತದೋ ಧೂಮಕೇತುವಿಗೆ ಅವರ ಕ್ಯಾಮೆರಾ ಎಂದಿದ್ದರು. ತೀರ್ಮಾನ ಇವತ್ತು ಸಂಜೆ.

ಕಣದಲ್ಲಿ ನಿಜವಾಗಿ ಉಳಿದವರು ಇಬ್ಬರು. ಒಬ್ಬ ಲೀಲಾಧರ, ಠಾಣೆಯಲ್ಲಿ ಬ್ಯಾಂಕಿನ ಕೆಲಸ. ಭಾವ ದುಬೈಯಿಂದ ತಂದುಕೊಟ್ಟ ಹೊಚ್ಚ ಹೊಸ ಜಪಾನಿ ಕ್ಯಾಮೆರಾ ಕೊರಳಲ್ಲಿ ಹಾಕಿಕೊಂಡು ತಿರುಗುವವನು. ಇನ್ನೊಬ್ಬಳು ನೀಲಗಂಗಾ. ಅವಳ ಕ್ಯಾಮೆರಾ, ಡೊಂಬಿವಲಿಯಲ್ಲಿ ಫೋಟೋ ಸ್ಟುಡಿಯೋ ನಡೆಸುವ ಹರಿಶ್ಚಂದ್ರ ಮದುವೆಗಳಲ್ಲಿ ದುಡಿಸಿ ದುಡಿಸಿ ಬದಿಗಿಟ್ಟಿದ್ದು, ಎರವಲು. ಬದಲಾಪುರದಾಚೆ ದೀಪಗಳು ಮುಗಿಯುವಲ್ಲಿ, ಎರಡು ಹಲಗೆಗಳಿಗೆ ಬಿಜಾಗರಿ ಬಡಿದು, ಮೇಲಿನ ಹಲಗೆಯ ಕ್ಯಾಮೆರಾ ನಕ್ಷತ್ರಗಳ ಜೊತೆ ಸರಿಯುವಂತೆ ಸ್ಕ್ರೂವನ್ನು ಕೈಯಿಂದಲೇ ತಿರುಗಿಸುತ್ತ ಅವಳು ಎರಡು ಚಿತ್ರ ತೆಗೆದಿದ್ದಳು. ಮೊದಲನೆಯದಕ್ಕೆ ಕ್ಯಾಮೆರಾ ಅಡ್ಡ ಹಿಡಿದಿದ್ದಳು. ಆಮೇಲೆ ವ್ಯಾಧನ ತಲೆಯೂ ಕಾಲೂ ನೆಟ್ಟಗೆ ಬರಲಿ ಎಂದು ಉದ್ದಕ್ಕೆ ನಿಲ್ಲಿಸಿ ಎರಡನೆಯದು.

ಸಣ್ಣ ಪ್ರಿಂಟುಗಳು ಬಂದಾಗ ನಕ್ಷತ್ರಗಳೇನೋ ಚೆನ್ನಾಗಿದ್ದವು. ಆದರೆ ವ್ಯಾಧನ ಸೊಂಟದ ಪಟ್ಟಿಯಾದ ಮೂರು ನಕ್ಷತ್ರಗಳ ಕೆಳಗಿನ ನೀಹಾರಿಕೆ, ಅಂದರೆ ಅನಿಲದ ಮೋಡ, ಗುಲಾಬಿಗೆಂಪಾಗಿ ಹೊಳೆಯುತ್ತಿತ್ತು, ಸುತ್ತಲಿನ ಆಕಾಶದಲ್ಲೂ ಅಲ್ಲಲ್ಲಿ ಕೆಂಪಿನ ಮಬ್ಬು. ಹಳೇ ಕ್ಯಾಮೆರಾ, ಎಲ್ಲೋ ಬೆಳಕು ಒಳಗೆ ಸೋರಿದೆ ಎಂದು ಲೀಲಾಧರ ಒಂದೇ ಮಾತಿಗೆ ತೀರ್ಪು ಕೊಟ್ಟ. ಅಪ್ಪಾಸಾಹೇಬರೂ ತಲೆಯಾಡಿಸಿದ್ದರು.

"ನಲವತ್ತ ವರ್ಷ ದುರ್ಬೀನಿನಾಗ ನೋಡೀನಿ ನೀಲಾ. ಅದು ಬೂದಿ ಬಣ್ಣ ಐತಿ, ಭಾಳ ಅಂದ್ರ ಚೂರು ಹಸರ. ಕೆಂಪು ಎಲ್ಲಿಂದ ಬಂತು?"

ಆ ಪ್ರಶ್ನೆ ಅವಳನ್ನು ತಿಂಗಳಿಡೀ ನಿದ್ದೆಗೆಡಿಸಿತ್ತು. ಸಿಟ್ಟಿನಿಂದಲ್ಲ, ಖುಷಿಯಿಂದ. ಏಕೆಂದರೆ ಉತ್ತರ ಅವಳ ಹೊಟ್ಟೆಪಾಡಿನ ಕೆಲಸದಲ್ಲೇ ಇತ್ತು. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಅವಳು ಕೆಮಿಸ್ಟು. ಭಿವಂಡಿಯ ಮಗ್ಗದ ಸೇಠರು ತಂದ ಬಟ್ಟೆಯ ತುಂಡಿಗೆ ಸರಿಹೊಂದುವ ಬಣ್ಣ ಕೂಡಿಸಿ ಕೊಡುವುದು ಅವಳ ಕೆಲಸ. ಒಮ್ಮೆ ಒಬ್ಬ ಸೇಠ ಕಂದು ಬಣ್ಣದ ಎರಡು ತುಂಡು ಹಿಡಿದು ಕೆಂಡವಾಗಿ ಬಂದಿದ್ದ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅವಳಿಜವಳಿ, ಬೀದಿಗೆ ಒಯ್ದರೆ ಒಂದು ಹಸಿರಿಗೆ ತಿರುಗುತ್ತಿತ್ತು. ಸೇಠ ಮೋಸ ಎಂದ. ಮೋಸ ಯಾರದೂ ಇರಲಿಲ್ಲ. ಬರುವ ಬೆಳಕಿನಲ್ಲಿ ಏನೇನಿದೆ, ಅದರಲ್ಲಿ ನೋಡುವವನಿಗೆ ಎಟುಕುವುದೆಷ್ಟು, ಇವೆರಡೂ ಕೂಡಿದಾಗಲೇ ಬಣ್ಣ. ಬಟ್ಟೆಗೆ ಒಪ್ಪುವ ಈ ಲೆಕ್ಕ ನಕ್ಷತ್ರಕ್ಕೆ ಯಾಕೆ ಒಪ್ಪಬಾರದು?

ಫಿಲ್ಮಿನ ಜೊತೆ ಬಂದಿದ್ದ ಕಾಗದವನ್ನು ಬಿಡಿಸಿ ನೋಡಿದಳು. ಬೇರೆಯವರು ಅದನ್ನು ಡಬ್ಬಿಯ ಜೊತೆಗೇ ಬಿಸಾಡುತ್ತಾರೆ. ಅದರಲ್ಲಿ ಮೂರು ಗುಡ್ಡಗಳಂಥ ಗೆರೆಗಳಿದ್ದವು. ಬಣ್ಣದ ಫಿಲ್ಮಿನಲ್ಲಿ ಒಂದರ ಮೇಲೊಂದು ಮೂರು ಪದರ. ಒಂದು ನೀಲಿ ಬೆಳಕನ್ನು ನೋಡುತ್ತದೆ, ಇನ್ನೊಂದು ಹಸಿರನ್ನು, ಮತ್ತೊಂದು ಕೆಂಪನ್ನು. ಯಾವ ಬೆಳಕಿಗೆ ಯಾವ ಪದರ ಎಷ್ಟು ಎಚ್ಚೆತ್ತುಕೊಳ್ಳುತ್ತದೆ ಎಂಬುದನ್ನು ಆ ಗುಡ್ಡಗಳು ಹೇಳುತ್ತಿದ್ದವು. ನೀಹಾರಿಕೆಯ ಹೈಡ್ರೋಜನ್ ಸೂಸುವುದು ಕಡುಗೆಂಪು ಬೆಳಕು. ಕತ್ತಲಲ್ಲಿ ಮನುಷ್ಯನ ಕಣ್ಣು ಆ ಕೆಂಪಿಗೆ ಕುರುಡು. ಎಷ್ಟೋ ಫಿಲ್ಮುಗಳ ಮೂರನೆಯ ಗುಡ್ಡವೂ ಅಲ್ಲಿಗೆ ಮುಟ್ಟುವ ಮೊದಲೇ ಇಳಿದುಬಿಡುತ್ತದೆ. ಅವಳ ಫಿಲ್ಮಿನ ಗುಡ್ಡ ಮಾತ್ರ ಆ ಬೆಳಕು ಇರುವ ಜಾಗ ದಾಟಿಯೂ ಚಾಚಿಕೊಂಡಿತ್ತು. ಅದನ್ನು ಕಂಡ ದಿನ ನೀಲಗಂಗಾ ಲ್ಯಾಬಿನಲ್ಲಿ ಒಬ್ಬಳೇ ನಕ್ಕಿದ್ದಳು. ತನ್ನ ಪೆಟ್ಟಿಗೆ ಸೋರಿಲ್ಲ. ಅಪ್ಪಾಸಾಹೇಬರ ಕಣ್ಣಿಗೆ ಬಾರದ್ದು ತನ್ನ ಫಿಲ್ಮಿಗೆ ಬಂದಿದೆ. ಆದರೆ ಕಾಗದದ ಮೇಲಿನ ಗುಡ್ಡ ತೋರಿಸಿದರೆ ಮಂಡಳಿ ನಂಬುವುದಿಲ್ಲ. ದೊಡ್ಡ ಚಿತ್ರ ಬೇಕು. ಹಾಗಾಗಿ ಎರಡನ್ನೂ ದೊಡ್ಡದು ಮಾಡಿಸಲು ಹರಿಶ್ಚಂದ್ರನ ಕೈಗೆ ಕೊಟ್ಟಿದ್ದಳು. ದಾದರಿನ ಕಲರ್ ಲ್ಯಾಬಿನಿಂದ ಅವು ಬಂದಿವೆ ಎಂಬ ಸುದ್ದಿ ನಿನ್ನೆ ಸಿಕ್ಕಿತ್ತು.

ಸ್ಟುಡಿಯೋದಲ್ಲಿ ಹರಿಶ್ಚಂದ್ರ ಇರಲಿಲ್ಲ, ಮುಹೂರ್ತದ ಫೋಟೋ ತೆಗೆಯಲು ಠಾಣೆಗೆ ಹೋಗಿದ್ದ. ಅವನ ಹೆಂಡತಿ ನಳಿನಾಕ್ಷಿ ಕಿಟಕಿಯ ಬಳಿ ಕುಂಚ ಹಿಡಿದು ಕುಳಿತಿದ್ದಳು. ಉಡುಪಿಯ ಕಡೆಯವಳು, ಮಾತಿನಲ್ಲಿ ಧಾರಾಳ, ಕೈಕೆಲಸದಲ್ಲಿ ಭಾರೀ ನಾಜೂಕು. ನೆಗೆಟಿವ್ ಮೇಲೆ ಧೂಳು ಕೂತರೆ ಪ್ರಿಂಟಿನಲ್ಲಿ ಬಿಳೀ ಬೊಟ್ಟುಗಳು ಬೀಳುತ್ತವೆ. ಸುತ್ತಲಿನದಕ್ಕೆ ಹೊಂದುವ ಬಣ್ಣದಲ್ಲಿ ಕೂದಲಿನಷ್ಟು ಸಣ್ಣ ಕುಂಚ ಅದ್ದಿ ಒಂದೊಂದೇ ಬೊಟ್ಟು ಮುಚ್ಚುವುದು ಅವಳ ಪಾಲಿನ ಕೆಲಸ. ಮದುಮಗನ ಮೊಡವೆ, ಮದುಮಗಳ ಹಣೆಯ ಗಾಯದ ಕಲೆ ಅವಳ ಕೈಯಲ್ಲಿ ಎಷ್ಟು ಮಾಯವಾಗಿದ್ದವೋ. ಡೊಂಬಿವಲಿಯ ಆಲ್ಬಮ್ಮುಗಳಲ್ಲಿ ಕಲೆಯಿರುವ ಮುಖವೇ ಇಲ್ಲ.

ನೀಲಗಂಗಾಳನ್ನು ಕಂಡದ್ದೇ ನಳಿನಾಕ್ಷಿ ಗೆದ್ದವಳಂತೆ ಮುಖ ಅರಳಿಸಿ ಒಂದು ದೊಡ್ಡ ಪ್ರಿಂಟನ್ನು ಮುಂದೆ ಹಿಡಿದಳು.

"ಎಂತ ಧೂಳು ಮಾರಾಯ್ತಿ ಇದರಲ್ಲಿ. ಇಷ್ಟು ಕೊಳೆ ಫೋಟೋ ನಾನು ಈ ಜನ್ಮದಲ್ಲಿ ನೋಡ್ಲಿಲ್ಲ. ಒಂದೂ ಬಿಡ್ಲಿಲ್ಲ, ನೋಡು."

ನೀಲಗಂಗಾ ನೋಡಿದಳು. ಒಂದೂ ಉಳಿದಿರಲಿಲ್ಲ. ರೋಹಿಣಿಯ ಕಡೆಯ ಪುಡಿ ನಕ್ಷತ್ರಗಳಿಲ್ಲ, ವ್ಯಾಧನ ಪಟ್ಟಿಯ ಮೂರಿಲ್ಲ, ಭುಜದಲ್ಲಿ ದೀಪದ ಹಾಗೆ ಬೆಳ್ಳಗೆ ಉರಿಯುತ್ತಿದ್ದ ಆರ್ದ್ರೆಯೂ ಇಲ್ಲ. ಅವಳು ಚಳಿಯಲ್ಲಿ ಬೆರಳು ಮರಗಟ್ಟಿಸಿಕೊಂಡು ಹಿಡಿದ ಇಡೀ ಆಕಾಶ, ನಳಿನಾಕ್ಷಿ ಬೆಳಗಿನಿಂದ ಕೂತು ಅಚ್ಚುಕಟ್ಟಾಗಿ ಬಳಿದ ಕಪ್ಪು ಬೂದಿ ಬಣ್ಣವಾಗಿತ್ತು. ಅವು ಧೂಳಲ್ಲ, ನಕ್ಷತ್ರಗಳು ಎಂದಳು. ನಳಿನಾಕ್ಷಿ ಕುಂಚ ಕೆಳಗಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಯಾವುದೋ ನಾಟಕದ ಕಪ್ಪು ಪರದೆಯ ಫೋಟೋ ಎಂದುಕೊಂಡಿದ್ದಳಂತೆ. ಗಂಡ ಹೇಳಿದ್ದು ಅರ್ಜೆಂಟ್ ಎಂಬ ಒಂದೇ ಶಬ್ದ. ಅವಳ ಕಣ್ಣಲ್ಲಿ ನೀರು ಬಂದದ್ದು ನೋಡಿ ನೀಲಗಂಗಾಳಿಗೆ ಸಿಟ್ಟು ಮಾಡಲೂ ಆಗಲಿಲ್ಲ.

ಪುಣ್ಯಕ್ಕೆ ಎರಡನೆಯ ಪ್ರಿಂಟು, ಕ್ಯಾಮೆರಾ ಉದ್ದಕ್ಕೆ ನಿಲ್ಲಿಸಿ ತೆಗೆದದ್ದು, ಇನ್ನೂ ಲಕೋಟೆಯೊಳಗೇ ಇತ್ತು. ನಕ್ಷತ್ರಗಳು ತುಂಬಿದ್ದವು, ಹೊಳೆಯುತ್ತಿದ್ದವು. ಇದನ್ನೇ ಒಯ್ದರಾಯಿತು. ಒಂದು ಹೋದರೇನು, ಒಂದಿದೆ. ಹಾಗೆಂದು ಎದ್ದವಳು, ಹಾಳಾದ ಪ್ರಿಂಟನ್ನು ಮಡಚಲೆಂದು ಕೈಗೆತ್ತಿಕೊಂಡಳು. ಕಿಟಕಿಯ ಬೆಳಕು ಅದರ ಮೇಲೆ ಬಿತ್ತು.

ನಳಿನಾಕ್ಷಿ ಬಣ್ಣದ್ದನ್ನು ಮುಟ್ಟಿರಲಿಲ್ಲ. ಬಣ್ಣ ಇರುವುದು ಧೂಳಲ್ಲ ಎಂಬುದು ಅವಳ ಕಸುಬಿನ ನಿಯಮ. ನೀಹಾರಿಕೆಯ ಗುಲಾಬಿ ಹಾಗೇ ಇತ್ತು. ಪಟ್ಟಿಯ ಎಡ ತುದಿಯಲ್ಲಿ ಇನ್ನೊಂದು ಪುಟ್ಟ ಕೆಂಪು ಚೂರು. ಇವೆರಡರ ಎಡಕ್ಕೆ, ಹಿಂದೆ ನಕ್ಷತ್ರಗಳ ಗದ್ದಲದಲ್ಲಿ ಬರಿಯ ಮಬ್ಬಾಗಿದ್ದದ್ದು ಈಗ ಒಂದು ಆಕಾರ ತಾಳಿ ನಿಂತಿತ್ತು. ಆರ್ದ್ರೆ ಇದ್ದ ಕಡೆಯಿಂದ ಹೊರಟು, ಪಟ್ಟಿಯನ್ನು ಬಳಸಿ, ವ್ಯಾಧನ ಕಾಲಿನವರೆಗೆ ಬಾಗಿದ ಮಸುಕುಗೆಂಪಿನ ಒಂದು ದೊಡ್ಡ ಕಮಾನು. ಒಡೆದ ಬಳೆಯ ತುಂಡಿನಷ್ಟು ಸ್ಪಷ್ಟ. ಕಣ್ಣು ಉಜ್ಜಿಕೊಂಡು ನೋಡಿದಳು, ಇತ್ತು. ಪ್ರಿಂಟನ್ನು ತಲೆಕೆಳಗು ಮಾಡಿ ನೋಡಿದಳು, ಆಗಲೂ ಇತ್ತು. ಮಂಡಳಿಯ ಒಂದು ಪುಸ್ತಕದಲ್ಲಿ ಓದಿದ ಎರಡು ಸಾಲು ಆಗ ನೆನಪಾಯಿತು. ವ್ಯಾಧನನ್ನು ಸುತ್ತುವರಿದು ಹೈಡ್ರೋಜನ್ನಿನ ಭಾರೀ ಉಂಗುರವೊಂದಿದೆ, ಬರಿಗಣ್ಣಿಗೆ ಅದು ಕಾಣುವುದಿಲ್ಲ. ನೀಲಗಂಗಾ ಜೋರಾಗಿ ನಕ್ಕಳು. ನಳಿನಾಕ್ಷಿಯ ಭುಜ ಹಿಡಿದು ಅಲ್ಲಾಡಿಸಿಬಿಟ್ಟಳು. ಇಷ್ಟು ಹೊತ್ತು ಸಪ್ಪಗಿದ್ದವಳು ಈಗ ಯಾಕೆ ನಗುತ್ತಿದ್ದಾಳೆಂದು ನಳಿನಾಕ್ಷಿಗೆ ಅರ್ಥವಾಗಲಿಲ್ಲ.

ಆದರೆ ಲೀಲಾಧರ ಏನೆನ್ನುತ್ತಾನೆ ಎಂಬುದು ಅವಳಿಗೆ ಬಾಯಿಪಾಠವಿತ್ತು. ಸೋರಿದ ಬೆಳಕೂ ಹೀಗೇ ಬಾಗಿ ಬೀಳುತ್ತದೆ ಎನ್ನುತ್ತಾನೆ. ಅದಕ್ಕೆ ಉತ್ತರ ಎರಡನೆಯ ಪ್ರಿಂಟಿನಲ್ಲಿತ್ತು. ಬೆಳಕು ಸೋರಿದ್ದರೆ ಕಲೆ ಕ್ಯಾಮೆರಾದ್ದು. ಕ್ಯಾಮೆರಾ ತಿರುಗಿಸಿದರೂ ಫಿಲ್ಮಿನ ಅದೇ ಮೂಲೆಯಲ್ಲಿ ಬೀಳಬೇಕು. ಕಮಾನು ಆಕಾಶದ್ದಾದರೆ ಅದು ವ್ಯಾಧನ ಜೊತೆಗೇ ತಿರುಗಿರಬೇಕು. ಪರೀಕ್ಷೆ ಇಷ್ಟು ಸರಳ. ತೊಡಕು ಒಂದೇ. ಅದನ್ನು ಎಲ್ಲರ ಕಣ್ಣಿಗೆ ಕಾಣಿಸಬೇಕಾದರೆ ಈ ಪ್ರಿಂಟಿನ ನಕ್ಷತ್ರಗಳನ್ನೂ ಒರೆಸಬೇಕು. ಸ್ಪರ್ಧೆಗೆ ಉಳಿದಿದ್ದ ಮರ್ಯಾದೆಯ ಚಿತ್ರ ಅದೊಂದೇ. ಎರಡನೆಯದರಲ್ಲಿ ಕಮಾನು ಬರದಿದ್ದರೆ ಅವಳ ಕೈಯಲ್ಲಿ ಎರಡು ಕಪ್ಪು ಹಾಳೆ ಮಾತ್ರ ಉಳಿಯುತ್ತವೆ, ಧೂಮಕೇತು ಲೀಲಾಧರನ ಪಾಲಾಗುತ್ತದೆ.

ನೀಲಗಂಗಾ ಲಕೋಟೆಯನ್ನು ಒಮ್ಮೆ ಎದೆಗೆ ಒತ್ತಿಕೊಂಡಳು. ಆಮೇಲೆ ಪ್ರಿಂಟನ್ನು ತೆಗೆದು ಮೇಜಿನ ಮೇಲಿಟ್ಟಳು.

"ನಳಿನಕ್ಕಾ, ಇದನ್ನೂ ಒರಸರಿ."

ನಳಿನಾಕ್ಷಿ ಹಿಂದೆ ಸರಿದಳು. ಗೊತ್ತಿಲ್ಲದೆ ಮಾಡಿದ್ದು ಬೇರೆ, ಈಗ ನಕ್ಷತ್ರವೆಂದು ಗೊತ್ತಿದ್ದೂ ಹೇಗೆ ಮುಚ್ಚಲಿ ಎಂದಳು. ನೀಲಗಂಗಾ ಗೋಗರೆದಳು. ಮೊದಲನೆಯ ಪ್ರಿಂಟನ್ನು ಸೀರೆಯ ಸೆರಗಿನಲ್ಲಿ ಸುತ್ತಿ ಬಚ್ಚಿಟ್ಟು, ಅದರಲ್ಲಿ ಏನು ಕಂಡಿತೆಂಬುದನ್ನು ಬಾಯಿ ಬಿಡಲಿಲ್ಲ. ಎಲ್ಲಿ ಏನಿರಬೇಕು ಎಂದು ಗೊತ್ತಾದರೆ ಕೈ ಅಲ್ಲಿಗೇ ವಾಲುತ್ತದೆ. ಬಿಳಿಯದನ್ನು ಮುಚ್ಚಿ, ಬಣ್ಣದ್ದನ್ನು ಬಿಡಿ ಎಂದಷ್ಟೇ ಹೇಳಿದಳು. ನಳಿನಾಕ್ಷಿ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಕೂತಳು. ನೀಲಗಂಗಾ ಸ್ಟುಡಿಯೋದ ಬಾಗಿಲಿಗೂ ಮೇಜಿಗೂ ನಡುವೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದಳು. ವ್ಯಾಧನ ಪಟ್ಟಿ ಹೋಯಿತು, ಕಾಲು ಹೋಯಿತು, ಕೊನೆಗೆ ಆರ್ದ್ರೆಯೂ ಹೋಯಿತು. ಕುಂಚ ಕೆಳಗಿಟ್ಟ ನಳಿನಾಕ್ಷಿ ತಾನೇ ಮೊದಲು ಕತ್ತು ಓರೆ ಮಾಡಿ ನೋಡಿದಳು.

"ಇಲ್ಲಿ ಎಂತದೋ ಕೆಂಪು ಬಾಗಿದ್ದುಂಟಲ್ಲ. ನಾನು ಮುಟ್ಟಲೇ ಇಲ್ಲ ಅದನ್ನು."

ನೀಲಗಂಗಾ ಬಗ್ಗಿ ನೋಡಿದವಳೇ ಅವಳ ಕೈ ಹಿಡಿದು ಎಬ್ಬಿಸಿದಳು. ಷಟರ್ ಎಳೆದು ಇಬ್ಬರೂ ಸ್ಟೇಶನ್ನಿನ ಕಡೆ ಓಡಿದರು. ಕಲ್ಯಾಣದ ಗಾಡಿ ಆಗಲೇ ಹೊರಡುತ್ತಿತ್ತು. ಬಣ್ಣ ಮೆತ್ತಿದ ಕೈಯಿಂದಲೇ ನಳಿನಾಕ್ಷಿ ಕಂಬಿ ಹಿಡಿದು ಹತ್ತಿದಳು.

ಕಲ್ಯಾಣದ ಪಾರನಾಕಾದಲ್ಲಿದ್ದ ಅಪ್ಪಾಸಾಹೇಬರ ಮನೆಯ ನಡುಕೋಣೆಯಲ್ಲಿ ಮಂಡಳಿ ಸೇರಿತ್ತು. ಲೀಲಾಧರನ ಚಿತ್ರ ಗೋಡೆಗೆ ಒರಗಿತ್ತು. ಸುಳ್ಳು ಯಾಕೆ ಹೇಳಬೇಕು, ಸೊಗಸಾದ ಚಿತ್ರ. ನಕ್ಷತ್ರಗಳು ಸೂಜಿ ಚುಚ್ಚಿದಂತೆ, ಆಕಾಶ ತೊಳೆದಂತೆ. ಅದರ ಪಕ್ಕ ನೀಲಗಂಗಾ ತನ್ನೆರಡು ಕಪ್ಪು ಹಾಳೆ ಇಟ್ಟಾಗ ನಗೆ ಎದ್ದಿತು. ಇದು ಶೀಲ್ ಫಾಟಾದ ಹೊಸ ಡಾಂಬರು ರಸ್ತೆಯ ಚಿತ್ರವೇ ಎಂದು ಲೀಲಾಧರ ಕೇಳಿದ. ನೀಲಗಂಗಾಳೂ ನಕ್ಕಳು. ಅವಳಿಗೆ ಆಗ ನಗದೆ ಇರಲು ಸಾಧ್ಯವೇ ಇರಲಿಲ್ಲ.

ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಭಿವಂಡಿಯ ಸೇಠನ ಕಂದು ಬಟ್ಟೆ ಹೇಳಿದಳು, ಮೂರು ಗುಡ್ಡ ಹೇಳಿದಳು, ಕತ್ತಲಲ್ಲಿ ಕಣ್ಣು ಯಾವ ಕೆಂಪಿಗೆ ಕುರುಡೆಂದು ಹೇಳಿದಳು. ಆಮೇಲೆ ಹಿಂದಿನದೆಲ್ಲ ಕಾಣುವಂಥ ತೆಳು ಬಟರ್ ಪೇಪರೊಂದನ್ನು ಅಪ್ಪಾಸಾಹೇಬರ ಕೈಗೇ ಕೊಟ್ಟಳು. ಅವರು ಮೊದಲನೆಯ ಪ್ರಿಂಟಿನ ಮೇಲೆ ಅದನ್ನು ಹಾಸಿ, ನೀಹಾರಿಕೆಯ ಗುಲಾಬಿಯನ್ನೂ ಪಟ್ಟಿಯ ಬಳಿಯ ಕೆಂಪು ಚೂರನ್ನೂ ಗುರುತು ಮಾಡಿ, ಕಮಾನಿನ ಗುಂಟ ಪೆನ್ಸಿಲ್ ಎಳೆದರು. ಆ ಹಾಳೆಯನ್ನು ಎರಡನೆಯ ಪ್ರಿಂಟಿನ ಮೇಲೆ ಚೌಕಟ್ಟಿಗೆ ಚೌಕಟ್ಟು ಕೂಡಿಸಿ ಇಟ್ಟರೆ ಗೆರೆ ಎಲ್ಲೋ, ಕೆಂಪು ಎಲ್ಲೋ. ಲೀಲಾಧರನ ಹುಬ್ಬು ಮೇಲೇರಿತು. ಅಪ್ಪಾಸಾಹೇಬರು ಹಾಳೆಯನ್ನು ಮೆಲ್ಲಗೆ ತಿರುಗಿಸಿದರು. ಗುಲಾಬಿ ಗುಲಾಬಿಯ ಮೇಲೆ, ಚೂರು ಚೂರಿನ ಮೇಲೆ ಬಂದು ಕೂತ ಕ್ಷಣ ಪೆನ್ಸಿಲ್ಲಿನ ಗೆರೆ ಕಮಾನಿನ ಮೈಮೇಲೆ ನೆಟ್ಟಗೆ ಹೋಗಿ ಬಿತ್ತು.

ನಕ್ಷತ್ರಗಳಿದ್ದ ಸಣ್ಣ ಪ್ರಿಂಟುಗಳನ್ನು ನೀಲಗಂಗಾ ಮುಂದಿಟ್ಟಳು. ಈಗ ಅವುಗಳಲ್ಲೂ ಕಮಾನು ಕಾಣಿಸಿತು, ಒಬ್ಬರ ನಂತರ ಒಬ್ಬರಿಗೆ. ಒಮ್ಮೆ ಕಂಡ ಮೇಲೆ ಯಾರಿಗೂ ಅದು ಮತ್ತೆ ಮರೆಯಾಗಲಿಲ್ಲ. ಲೀಲಾಧರ ತನ್ನ ಚಿತ್ರವನ್ನು ಎತ್ತಿಕೊಂಡು ಅದೇ ಜಾಗದಲ್ಲಿ ಹುಡುಕಿದ. ಅಲ್ಲಿ ಸ್ವಚ್ಛ ಕತ್ತಲೆಯಿತ್ತು. ಅವನು ಒಳ್ಳೆಯವನು, ತನ್ನ ಫಿಲ್ಮಿಗೆ ಅದು ಕಂಡಿಲ್ಲ ಎಂದು ತಾನೇ ಹೇಳಿದ.

ಅಪ್ಪಾಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಯಾರ ಚಿತ್ರದಲ್ಲಿ ಹೆಚ್ಚು ಕಾಣುತ್ತದೋ ಎಂದು ತಾವೇ ಹಾಕಿದ ಶರತ್ತು. ಅವರು ಒಂದೇ ಪ್ರಶ್ನೆ ಕೇಳಿದರು. ಧೂಮಕೇತುವಿಗೂ ಇದೇ ಫಿಲ್ಮು ತಾನೇ?

ಹೂಂ ಎಂದರೆ ಮುಗಿಯುತ್ತಿತ್ತು. ಯಂತ್ರ ಕೈಗೆ ಬಂದಂತೆಯೇ ಇತ್ತು. ನಾಲಿಗೆಯ ತುದಿಗೆ ಬಂದ ಆ ಹೂಂ ಅನ್ನು ನೀಲಗಂಗಾ ನುಂಗಿಕೊಂಡಳು. ಆ ಗುಡ್ಡಗಳನ್ನು ಅಷ್ಟು ಸಲ ನೋಡಿದವಳಿಗೆ ಹುಸಿ ಹೇಳುವುದು ಸಾಧ್ಯವಾಗಲಿಲ್ಲ.

"ಇಲ್ಲ ಕಾಕಾ. ಧೂಮಕೇತುವಿನ ತಲಿ ಹೊಳಿಯೂದು ನೀಲಿ-ಹಸರಿನ ನಡಕ. ಅಲ್ಲಿ ನನ್ನ ಫಿಲ್ಮಿಗೆ ಗುಡ್ಡ ಇಲ್ಲ, ತಗ್ಗು ಐತಿ. ಲೀಲಾಧರರ ಫಿಲ್ಮಿನ ಕಾಗದಾನೂ ನೋಡೀನಿ. ಅದಕ್ಕ ಅವರ ಫಿಲ್ಮೇ ಬೇಕು."

ತನ್ನ ಕೈಯಿಂದಲೇ ಧೂಮಕೇತುವನ್ನು ಎದುರಾಳಿಗೆ ಎತ್ತಿಕೊಟ್ಟಿದ್ದಳು. ನಳಿನಾಕ್ಷಿ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಲೀಲಾಧರ ಒಮ್ಮೆ ಅವಳನ್ನು, ಒಮ್ಮೆ ತನ್ನ ಕ್ಯಾಮೆರಾವನ್ನು ನೋಡಿದ. ತನ್ನ ಫಿಲ್ಮಿನ ಕಾಗದವನ್ನು ತಾನು ಬಿಡಿಸಿಯೂ ನೋಡಿರಲಿಲ್ಲ ಎಂದು ಮೆಲ್ಲಗೆ ಒಪ್ಪಿಕೊಂಡ.

ಅಪ್ಪಾಸಾಹೇಬರು ಎದ್ದು ಮಾಳಿಗೆಯ ಬಯಲು ಗಚ್ಚಿಗೆ ಹೋದರು. ಹೊರಗೆ ಆಗಷ್ಟೇ ಕತ್ತಲಾಗಿತ್ತು, ಮಹಾವ್ಯಾಧ ನೆತ್ತಿಯ ಹತ್ತಿರ ನಿಂತಿದ್ದ. ಮುದುಕರು ಕತ್ತು ಎತ್ತಿ, ಬೆರಳಿನಿಂದ ಆರ್ದ್ರೆಯ ಬಳಿಯಿಂದ ಕಾಲಿನವರೆಗೆ ಗಾಳಿಯಲ್ಲಿ ಆ ಕಮಾನು ಎಳೆದರು. ಇನ್ನೊಮ್ಮೆ ಎಳೆದರು. ಅಲ್ಲಿ ಅವರಿಗೆ ಏನೂ ಕಾಣುವಂತಿರಲಿಲ್ಲ. ಆದರೂ ನೋಡುತ್ತ ನಿಂತೇ ಇದ್ದರು. ಒಳಗೆ ಬಂದಾಗ ಅವರ ಕೈಯಲ್ಲಿ, ಗೋಣಿತಾಟು ಸುತ್ತಿದ ಯಂತ್ರವಿತ್ತು. ಅದನ್ನು ನೀಲಗಂಗಾಳ ಮಡಿಲಲ್ಲಿಟ್ಟರು.

"ಫಿಲ್ಮು ಲೀಲಾಧರಂದ ಇರಲಿ. ಯಾವ ಫಿಲ್ಮಿಗೆ ಏನು ಕಾಣೂದಿಲ್ಲ ಅಂತ ಗೊತ್ತಿದ್ದಾಕಿ ಕೈಯಾಗ ಯಂತ್ರ ಇರಲಿ."

ಲೀಲಾಧರ ಮೊದಲು ಚಪ್ಪಾಳೆ ತಟ್ಟಿದ. ನೀಲಗಂಗಾ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಯಂತ್ರ ಇಷ್ಟು ಭಾರವಿರುತ್ತದೆಂದು ಮಾತ್ರ ಅವಳು ಎಣಿಸಿರಲಿಲ್ಲ.

ಅವಳೂ ನಳಿನಾಕ್ಷಿಯೂ ಒಂದೊಂದು ಬದಿ ಹಿಡಿದು ಅದನ್ನು ಸ್ಟೇಶನ್ನಿಗೆ ಹೊತ್ತು ತಂದರು. ಲೇಡೀಸ್ ಡಬ್ಬಿಯಲ್ಲಿ ಕಾಲಿನ ಮೇಲಿಟ್ಟುಕೊಂಡು ಕೂತಾಗ ಎದುರಿನ ಹೆಂಗಸು ಅದನ್ನು ದಿಟ್ಟಿಸಿ, ಶಿವಣ ಮಶೀನಾ, ಅಂದರೆ ಹೊಲಿಗೆ ಯಂತ್ರವಾ, ಎಂದು ಮರಾಠಿಯಲ್ಲಿ ಕೇಳಿದಳು. ನೀಲಗಂಗಾ ಬಾಯಿ ತೆರೆಯುವ ಮೊದಲೇ ನಳಿನಾಕ್ಷಿ ಬಣ್ಣ ಮೆತ್ತಿದ ಬೆರಳನ್ನು ಕಿಟಕಿಯಾಚೆ ಆಕಾಶಕ್ಕೆ ತೋರಿಸಿ, ಮುಂದಿನ ಚಳಿಗಾಲ ನಾವಿಬ್ಬರೂ ಧೂಮಕೇತು ಹಿಡಿಯುವವರಿದ್ದೇವೆ, ಅದಕ್ಕೆ ಎಂದಳು. ಆ ಹೆಂಗಸು ನಗಲಿಲ್ಲ. ಸರಿದು ಕೂತು, ಯಂತ್ರಕ್ಕೆ ಇನ್ನಷ್ಟು ಜಾಗ ಮಾಡಿಕೊಟ್ಟಳು.